ಇಂಡಿಯಾನಾದ ಕೊಲಂಬಸ್‌ನಲ್ಲಿ ಸರ್ಕಾರಿ ಶಾಲೆಗೆ ಸೇರಿಸೋದು: ಊರು ಬಿಡೋ ಮುಂಚೆ ಏನೇನು ಮಾಡ್ಕೋಬೇಕು?

ಪ್ರಶ್ನೆ: ಕಮಿನ್ಸ್ ಕಂಪನಿಯ ಕೆಲಸದ ಮೇಲೆ ಜುಲೈ ಕೊನೆಗೆ ದಾವಣಗೆರೆಯಿಂದ ಕೊಲಂಬಸ್‌ಗೆ ಹೊರಟಿದ್ದೇವೆ. ಮಗಳು 2011ರಲ್ಲಿ ಹುಟ್ಟಿದವಳು, ಸ್ಟೇಟ್ ಸಿಲಬಸ್ಸಿನ ಒಂಬತ್ತನೇ ಕ್ಲಾಸ್ ಮುಗಿಸಿದ್ದಾಳೆ. ಮಗ 2018ರವನು, ಎರಡನೇ ಕ್ಲಾಸ್ ಆಗಿದೆ. ಇಬ್ಬರಿಗೂ ಲಸಿಕೆ ಎಲ್ಲಾ ಸರ್ಕಾರಿ ಆಸ್ಪತ್ರೆಯಲ್ಲೇ. ಗೊತ್ತಿರೋರು ದಯವಿಟ್ಟು ತಿಳಿಸಿ.

ಉತ್ತರ: ಮೊದಲು ಒಂದು ಮಾತು. ಅಲ್ಲಿ ಸರ್ಕಾರಿ ಶಾಲೆಗಳನ್ನ ನಡೆಸೋ ಸ್ಕೂಲ್ ಡಿಸ್ಟ್ರಿಕ್ಟ್‌ಗೆ 'ಸ್ಕೂಲ್ ಕಾರ್ಪೊರೇಷನ್' ಅಂತಾರೆ, ನಮ್ಮ ನಗರಸಭೆ ಥರದ್ದಲ್ಲ. ಊರಿನದು ಬಾರ್ಥೊಲೊಮ್ಯೂ ಕನ್ಸಾಲಿಡೇಟೆಡ್. ಅದೇ ಕೌಂಟಿಯ (ನಮ್ಮ ಜಿಲ್ಲೆ ಥರ) ಹೋಪ್ ಅನ್ನೋ ಊರಿನ ಕಡೆಗೆ ಫ್ಲಾಟ್ ರಾಕ್–ಹಾಕ್ರೀಕ್ ಅನ್ನೋ ಬೇರೆ ಕಾರ್ಪೊರೇಷನ್ ಇದೆ. ಮಗು ಯಾವ ಶಾಲೆಗೆ ಅನ್ನೋದನ್ನ ಮನೆ ವಿಳಾಸವೇ ನಿರ್ಧರಿಸುತ್ತೆ. ಮಗಳು ನಾರ್ತ್ ಹೈಸ್ಕೂಲೋ ಈಸ್ಟೋ ಅನ್ನೋದೂ ಅದರ ಮೇಲೇ. ಹಾಗಾಗಿ ಬಾಡಿಗೆ ಕರಾರಿಗೆ ಸಹಿ ಹಾಕೋ ಮುಂಚೆಯೇ ವಿಳಾಸ ಕೊಟ್ಟು ಯಾವ ಶಾಲೆ ಅಂತ ಕೇಳ್ಕೊಳ್ಳಿ. ಬಾಡಿಗೆ ಕರಾರು, ಜನನ ಪ್ರಮಾಣಪತ್ರ, ಲಸಿಕೆ ದಾಖಲೆ, ಹಿಂದಿನ ಶಾಲೆಯ ಅಂಕಪಟ್ಟಿ ಇಷ್ಟು ಕೈಯಲ್ಲಿರಲಿ. ಸೋಷಿಯಲ್ ಸೆಕ್ಯುರಿಟಿ ನಂಬರ್ ಇನ್ನೂ ಬಂದಿಲ್ಲ ಅಂತ ಕಾಯ್ಬೇಡಿ, ಅದಿಲ್ಲದೆಯೂ ಸೇರಿಸಬಹುದು. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇದ್ದರೆ ಈಗಲೇ ಬರೆಸಿಕೊಳ್ಳಿ. ಅಲ್ಲಿ ಕೂತು ಮಾಡಿಸೋದು ತಲೆನೋವು.

ಉತ್ತರ: ನಿಮ್ಮ ದೊಡ್ಡ ಕೆಲಸ ಲಸಿಕೆ. ನಮ್ಮ ಕಾರ್ಡಲ್ಲಿ 'ಪೂರ್ಣ' ಅಂತ ಬರೆದಿದ್ದರೂ ಇಂಡಿಯಾನಾ ಲೆಕ್ಕದಲ್ಲಿ ಪೂರ್ಣ ಅಲ್ಲ.

ಎಲ್ಲಾ ತರಗತಿಗೂ ಬೇಕಾದದ್ದು: ಹೆಪಟೈಟಿಸ್ ಬಿ 3, ಡಿಪಿಟಿ 5, ಪೋಲಿಯೊ 4, ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) 2, ಚಿಕನ್‌ಪಾಕ್ಸ್ 2, ಹೆಪಟೈಟಿಸ್ ಎ 2. ಆರನೇ ತರಗತಿಯಿಂದ ಮೇಲೆ ಟಿಡ್ಯಾಪ್ (ದೊಡ್ಡ ಮಕ್ಕಳಿಗೆ ಕೊಡೋ ಡಿಪಿಟಿ ಬೂಸ್ಟರ್) 1, ಮೆನಿಂಜೈಟಿಸ್ 1. ಹನ್ನೆರಡನೇ ತರಗತಿಗೆ ಬಂದಾಗ ಮೆನಿಂಜೈಟಿಸ್ ಎರಡನೆಯದು.

ತೊಡಕು ಎಲ್ಲೆಲ್ಲಿ ಅಂದ್ರೆ: ಸರ್ಕಾರಿ ಪಟ್ಟಿಯಲ್ಲಿ ಹೆಪಟೈಟಿಸ್ ಬಿ ಕೊನೇ ಡೋಸ್ 14 ವಾರಕ್ಕೇ ಮುಗಿಯುತ್ತೆ. ಅಲ್ಲಿ ಕೊನೇ ಡೋಸ್ 24 ವಾರ ತುಂಬಿದ ಮೇಲೆ ಆಗಿರಬೇಕು, ಹಾಗಾಗಿ ಇಬ್ಬರಿಗೂ ಇನ್ನೊಂದು ಚುಚ್ಚಬೇಕಾಗುತ್ತೆ. ಮಗನಿಗೆ ಹಾಕಿರೋ ಎಂಆರ್‌ನಲ್ಲಿ ಮಂಗನಬಾವಿನ ಭಾಗ ಇಲ್ಲ, 9 ತಿಂಗಳಿಗೆ ಹಾಕಿದ್ದು ಒಂದು ವರ್ಷಕ್ಕೆ ಮುಂಚಿನದ್ದು ಅಂತಲೂ ಬಿದ್ದುಹೋಗುತ್ತೆ. ಎಂಎಂಆರ್ ಎರಡು, 28 ದಿನದ ಅಂತರದಲ್ಲಿ. ಎಂಎಂಆರ್ ಮತ್ತು ಚಿಕನ್‌ಪಾಕ್ಸ್ ಎರಡೂ ಜೀವಂತ ಲಸಿಕೆ: ಒಂದೇ ದಿನ ಹಾಕಿಸಿ, ಇಲ್ಲಾಂದ್ರೆ 28 ದಿನ ಬಿಡಿ. ನಡುವೆ ಹಾಕಿಸಿದರೆ ಎರಡನೆಯದು ಲೆಕ್ಕಕ್ಕಿಲ್ಲ. ಹೆಪಟೈಟಿಸ್ ಎಗೆ 6 ತಿಂಗಳ ಅಂತರ. ಮಗಳಿಗೆ ಹತ್ತನೇ ವಯಸ್ಸಿಗೆ ಟಿಡಿ ಹಾಕಿಸಿದ್ದರೆ ಅದು ಟಿಡ್ಯಾಪ್ ಅಲ್ಲ, ಹೆಸರು ಮಾತ್ರ ಹತ್ತಿರ, ನಾಯಿಕೆಮ್ಮಿನ ಭಾಗ ಅದರಲ್ಲಿಲ್ಲ.

ಎಲ್ಲಾ ಇಲ್ಲೇ ಮುಗಿಸೋಕೆ ಹೋಗ್ಬೇಡಿ, ಸಮಯ ಸಾಲಲ್ಲ. ಎಂಎಂಆರ್, ಚಿಕನ್‌ಪಾಕ್ಸ್, ಹೆಪಟೈಟಿಸ್ ಎ ಮೊದಲ ಡೋಸ್ ಇಲ್ಲಿ ಶುರು ಮಾಡಿ. ಉಳಿದದ್ದಕ್ಕೆ ಅಲ್ಲಿನ ಡಾಕ್ಟರ್ ತಾರೀಖು ಹಾಕಿದ ವೇಳಾಪಟ್ಟಿ ಬರೆದುಕೊಟ್ಟರೆ ಶಾಲೆ ಒಪ್ಪುತ್ತೆ. ಹಾಕಿಸಿದ್ದನ್ನೆಲ್ಲ ಅವರು 'ಚರ್ಪ್' ಅನ್ನೋ ರಾಜ್ಯದ ದಾಖಲೆಗೆ ಏರಿಸಬೇಕು, ಶಾಲೆಯ ನರ್ಸ್ ನೋಡೋದು ಅದನ್ನೇ. ಹೊಸ ರೋಗಿಗೆ ಅಪಾಯಿಂಟ್‌ಮೆಂಟ್ ತಡವಾಗುತ್ತೆ, ಇಲ್ಲಿಂದಲೇ ಬುಕ್ ಮಾಡಿ. ಇನ್ನೊಂದು: 05/11 ಅಂತ ಕಾರ್ಡಲ್ಲಿದ್ದರೆ ಅವರು ಮೇ 11 ಅಂತ ಓದ್ತಾರೆ. ತಿಂಗಳನ್ನ ಅಕ್ಷರದಲ್ಲಿ ಬರೆಸಿ, ಸೀಲ್ ಹಾಕಿಸಿ.

ಉತ್ತರ: ಮಗಳದ್ದು ಅಂಕಪಟ್ಟಿಯ ಸಮಸ್ಯೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮಾತ್ರ ಮುಖ್ಯ, ಒಂಬತ್ತನೇದನ್ನ ಯಾರೂ ತಿರುಗಿ ನೋಡಲ್ಲ. ಅಲ್ಲಿ ಹೈಸ್ಕೂಲ್ ಅಂದ್ರೆ 9ರಿಂದ 12, ಒಂಬತ್ತರ ಪ್ರತಿ ವಿಷಯಕ್ಕೂ ಕ್ರೆಡಿಟ್ (ಪಾಸಾದದ್ದಕ್ಕೆ ಕೂಡಿಡೋ ಯೂನಿಟ್) ಇದೆ. 2029ರಲ್ಲಿ ಹೈಸ್ಕೂಲ್ ಮುಗಿಸೋ ಬ್ಯಾಚಿನಿಂದ ಡಿಪ್ಲೊಮಾಗೆ (ಹೈಸ್ಕೂಲ್ ಮುಗಿಸಿದ ಪ್ರಮಾಣಪತ್ರಕ್ಕೆ) 42 ಕ್ರೆಡಿಟ್ ಬೇಕು. ಹೆಡ್‌ಮಾಸ್ಟರ್ ಹತ್ರ ಇಂಗ್ಲಿಷ್‌ನಲ್ಲಿ ಬರೆಸಿ: ವಿಷಯ, ಅಂಕ, ವಾರಕ್ಕೆ ಎಷ್ಟು ಪೀರಿಯಡ್, ಪಾಸಿಗೆ ಎಷ್ಟು ಅಂಕ ಸಾಕು ಅನ್ನೋ ಸಾಲು. ಆ ಸಾಲು ಇಲ್ಲದಿದ್ದರೆ ನಮ್ಮ 58 ಅಲ್ಲಿ ಫೇಲ್ ಥರ ಕಾಣುತ್ತೆ. ಗಣಿತ ನಮ್ಮಲ್ಲಿ ಒಟ್ಟಿಗೆ, ಅಲ್ಲಿ ಆಲ್ಜೀಬ್ರಾ, ಜಾಮೆಟ್ರಿ ಬೇರೆ ಬೇರೆ ವರ್ಷ. ಪುಸ್ತಕದ ಪರಿವಿಡಿ ಸ್ಕ್ಯಾನ್ ಮಾಡಿ ಜೊತೆಗಿಡಿ, ಇಲ್ಲಾಂದ್ರೆ ಕಲಿತದ್ದನ್ನೇ ಮತ್ತೆ ಕಲಿಯೋ ಕ್ಲಾಸಿಗೆ ಹಾಕ್ತಾರೆ. ಕನ್ನಡ, ಹಿಂದಿಗೆ ವಿದೇಶಿ ಭಾಷೆಯ ಕ್ರೆಡಿಟ್ ಕೊಡ್ತೀರಾ ಅಂತ ಕೌನ್ಸೆಲರ್‌ಗೆ ಬಾಯಿಬಿಟ್ಟು ಕೇಳಿ. ತಾವಾಗಿ ಹೇಳಲ್ಲ.

ಉತ್ತರ: ಸೇರಿಸುವಾಗ ಮನೆಭಾಷೆಯ ಬಗ್ಗೆ ಮೂರು ಪ್ರಶ್ನೆ ಇರುತ್ತೆ. ಒಂದಕ್ಕೆ 'ಕನ್ನಡ' ಅಂತ ಬರೆದರೂ ಇಂಗ್ಲಿಷ್ ಪರೀಕ್ಷೆ ಮಾಡ್ತಾರೆ. ಅದಕ್ಕೆ ಹೆದರಿ ಎಲ್ಲದಕ್ಕೂ 'ಇಂಗ್ಲಿಷ್' ಅಂತ ತುಂಬಬೇಡಿ.

ಅದಕ್ಕೆ ಉತ್ತರ: ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಅದರಿಂದ ಸುಮ್ಮನೆ ಕ್ಲಾಸ್ ಹೋಗುತ್ತೆ ಅಲ್ವಾ?

ಮನೆಭಾಷೆ ಬಗ್ಗೆ ಬರೆದವರು: ಚೆನ್ನಾಗಿ ಬಂದರೆ ಪಾಸಾಗಿ ಅಲ್ಲಿಗೇ ಮುಗೀತು. ಬರದಿದ್ದರೆ ಸಹಾಯ ಸಿಗುತ್ತೆ, ಬೇಡ ಅನ್ನೋ ಹಕ್ಕೂ ತಂದೆತಾಯಿಗಿದೆ. ಈ ಮಗ ಮೂರನೇ ತರಗತಿಗೆ ಹೋಗ್ತಾನೆ, ಆ ವರ್ಷವೇ ಐರೀಡ್ ಅನ್ನೋ ಓದುವ ಪರೀಕ್ಷೆ. ಪಾಸಾಗದಿದ್ದರೆ ಈಗ ಮತ್ತೆ ಮೂರನೇ ತರಗತಿಯಲ್ಲೇ ಕೂರಿಸ್ತಾರೆ. ಇಂಗ್ಲಿಷ್ ಕಲಿಕೆಯ ಸಹಾಯ ಎರಡು ವರ್ಷಕ್ಕಿಂತ ಕಡಿಮೆ ಪಡೆದಿರೋ ಮಗುವಿಗೆ ವಿನಾಯಿತಿ ಸಾಧ್ಯ. 'ಇಂಗ್ಲಿಷ್' ಅಂತ ತುಂಬಿದವರಿಗೆ ಆ ದಾರಿ ಮುಚ್ಚಿಹೋಗುತ್ತೆ.

ಉತ್ತರ: ಸಣ್ಣಪುಟ್ಟದ್ದು. ಮಗುವಿನ ಬ್ಯಾಗಲ್ಲಿ ಡೋಲೊ, ಕೆಮ್ಮಿನ ಸಿರಪ್ ಹಾಕಿ ಕಳಿಸಬೇಡಿ, ಔಷಧಿ ಏನಿದ್ದರೂ ಚೀಟಿ ಸಮೇತ ನರ್ಸ್ ಕೈಗೆ. ಡಬ್ಬಿ ಬಿಸಿ ಮಾಡಿಕೊಡೋರು ಇರಲ್ಲ ಅಂತಲೇ ಇಟ್ಕೊಳ್ಳಿ. ಅಗಲ ಬಾಯಿಯ ಥರ್ಮಸ್‌ಗೆ ಹತ್ತು ನಿಮಿಷ ಕುದಿನೀರು ಹಾಕಿಟ್ಟು, ಚೆಲ್ಲಿ, ಆಮೇಲೆ ಅನ್ನ ತುಂಬಿ. ಕ್ಲಾಸಲ್ಲಿ ಕಡಲೆಕಾಯಿ ಅಲರ್ಜಿ ಇರೋ ಮಗು ಇದೆಯಾ ಕೇಳಿ. ಇದ್ದರೆ ಚಿತ್ರಾನ್ನಕ್ಕೆ ಕಡಲೆಕಾಯಿ ಬದಲು ಕಡಲೆಬೇಳೆ. ಮಂಜು, ಹಿಮ ಬಿದ್ದ ದಿನ ಬೆಳಗಿನ ಜಾವ 'ಎರಡು ಗಂಟೆ ತಡ' ಅಂತ ಮೆಸೇಜ್ ಬರುತ್ತೆ. ಅಮೆರಿಕದ ನಂಬರ್ ಸಿಕ್ಕ ದಿನವೇ ಶಾಲೆಗೆ ಕೊಡಿ. 180 ದಿನದಲ್ಲಿ 18 ದಿನ ತಪ್ಪಿದರೆ ದೀರ್ಘ ಗೈರಿನ ಪಟ್ಟಿಗೆ ಸೇರಿಸ್ತಾರೆ, ಊರಿನ ಮದುವೆಗೆ ಬರೋದನ್ನ ರಜೆ ನೋಡಿಯೇ ಇಟ್ಕೊಳ್ಳಿ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಪೋಲಿಯೊ ಇಬ್ಬರಿಗೂ ಹನಿಯೇ. ಮಗನ ಕಾರ್ಡಲ್ಲಿ ಮಾತ್ರ ಎರಡು ಕಡೆ 'ಎಫ್‌ಐಪಿವಿ' ಅಂತಿದೆ. ಅದು ನಡೆಯುತ್ತಾ?

ಲಸಿಕೆ ಬಗ್ಗೆ ಬರೆದವರು: ಮಗಳ ಹನಿ ಲೆಕ್ಕಕ್ಕಿದೆ, ಆದರೆ ಕೊನೇ ಡೋಸ್ ನಾಲ್ಕು ವರ್ಷ ತುಂಬಿದ ಮೇಲೆ ಆಗಿರಬೇಕು, ಇಲ್ಲಾಂದ್ರೆ ಇನ್ನೊಂದು ಬೇಕು. ಮಗನದ್ದು ಲೆಕ್ಕಕ್ಕಿಲ್ಲ. ಏಪ್ರಿಲ್ 2016ಕ್ಕೆ ಮುಂಚಿನ ಹನಿಯಲ್ಲಿ ಮೂರೂ ಬಗೆಯ ವೈರಸ್ ಇತ್ತು, ಆಮೇಲೆ ಎರಡೇ. ಅಲ್ಲಿ ಮೂರೂ ಇದ್ದದ್ದನ್ನೇ ಒಪ್ತಾರೆ. ಎಫ್‌ಐಪಿವಿ ಅಂದ್ರೆ ಚರ್ಮಕ್ಕೆ ಕೊಡೋ 0.1 ಎಂಎಲ್, ಪೂರ್ತಿ ಡೋಸ್ 0.5. ಮಗನಿಗೆ ಪೂರ್ತಿ ಐಪಿವಿ (ಪೋಲಿಯೊ ಚುಚ್ಚುಮದ್ದು) ಮೂರು ಸಾಕು, ಯಾಕಂದ್ರೆ ನಾಲ್ಕು ವರ್ಷ ದಾಟಿದೆ: ಈ ವಾರ ಒಂದು, 28 ದಿನಕ್ಕೆ ಇನ್ನೊಂದು, ಅದಾದ ಆರು ತಿಂಗಳಿಗೆ ಕೊಲಂಬಸ್‌ನಲ್ಲಿ ಮೂರನೆಯದು. ಕಾರ್ಡಲ್ಲಿ '0.5 ಎಂಎಲ್' ಅಂತ ಬರೆಸೋದು ಮರೀಬೇಡಿ.