ಲೆಕ್ಕ ತಪ್ಪಿದ ಕೂಡಲೇ ಕೈಕಟ್ಟಿ ಕೂರುವ ಮಕ್ಕಳಿಗೆ ಏನು ಮಾಡುತ್ತೀರಿ?

ಕೇಳಿದವರು:
ಐದನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಒಂದು ಹಂತ ತಪ್ಪಿದರೆ ಸಾಕು, ‘ಬರುವುದಿಲ್ಲ ಮಿಸ್’ ಎಂದು ಪೆನ್ಸಿಲ್ ಕೆಳಗಿಡುತ್ತಾರೆ; ಬೋರ್ಡಿನ ಮೇಲೆ ಉತ್ತರ ಬೀಳಲೆಂದು ಕಾಯುತ್ತಾರೆ. ಬುದ್ಧಿವಾದ ಹೇಳಿ ಸಾಕಾಗಿದೆ. ನಿಮ್ಮ ತರಗತಿಯಲ್ಲಿ ಏನು ಕೆಲಸಕ್ಕೆ ಬಂದಿದೆ?

ಗಣಿತ ಶಿಕ್ಷಕರೊಬ್ಬರು:
ಮೇಡಂ, ಕಾದರೆ ಉತ್ತರ ಸಿಗುತ್ತದೆಂದು ಗೊತ್ತಿರುವಾಗ ಯಾವ ಮಗು ತಾನೇ ತಲೆ ಕೆಡಿಸಿಕೊಳ್ಳುತ್ತದೆ? ಮೊದಲು ಬೋರ್ಡಿನ ಮೇಲೆ ಉತ್ತರ ಬರೆಯುವ ಅವಸರ ಬಿಡಿ. 618ನ್ನು 6ರಿಂದ ಭಾಗಿಸಲು ಹೇಳಿದರೆ ಬಹಳ ಮಕ್ಕಳು 13 ಎಂದು ಬರೆಯುತ್ತಾರೆ. ಕೆಂಪು ಶಾಯಿಯಲ್ಲಿ ಇಂಟು ಹಾಕಿದಿರೋ, ಪುಸ್ತಕ ಮುಚ್ಚಿದಂತೆಯೇ. ನಾನು ‘ತಾಳೆ ನೋಡು’ ಎನ್ನುತ್ತೇನೆ. 13ನ್ನು 6ರಿಂದ ಗುಣಿಸಿ 78 ಬಂದಾಗ ಅವರಿಗೇ ನಗು. ಆಮೇಲೆ ಭಾಗಲಬ್ಧದ ಮೊದಲ 1ಕ್ಕೆ ಸರಿ ಗುರುತು ಹಾಕಿ, ‘ಒಂದು ಹತ್ತನ್ನು ಆರು ಜನರಿಗೆ ಹಂಚಲಾದೀತೇ?’ ಎಂದು ಕೇಳಿ ಮುಂದಿನ ಬೆಂಚಿಗೆ ಹೋಗಿಬಿಡುತ್ತೇನೆ. ಪಕ್ಕದಲ್ಲೇ ನಿಂತರೆ ನಮ್ಮ ಮುಖ ನೋಡಿ ಉತ್ತರ ಊಹಿಸುತ್ತಾರೆ! ಹತ್ತರ ಸ್ಥಾನಕ್ಕೆ ಸೊನ್ನೆ ಬೇಕೆಂದು ತಾನೇ ಕಂಡುಕೊಂಡು 103 ಬರೆದ ಮಗು ಇನ್ನೊಂದು ಲೆಕ್ಕ ಕೊಡಿ ಎನ್ನುತ್ತದೆ. ರಬ್ಬರ್ ಮಾತ್ರ ಮುಟ್ಟಲು ಬಿಡುವುದಿಲ್ಲ. ತಪ್ಪಿನ ಮೇಲೆ ಒಂದು ಗೆರೆ ಸಾಕು. ಎಲ್ಲಿ ಎಡವಿದೆವೆಂದು ಕಾಣಬೇಕಲ್ಲ.

ನಲಿಕಲಿ ಶಿಕ್ಷಕಿ:
1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ; ಹಾಗಾಗಿ ಅಪ್ಪ ಅಮ್ಮನ ಜೊತೆ ಗುಳೆ ಹೋಗಿ ಬಂದ ಮಗುವೂ ಬಿಟ್ಟ ಕಾರ್ಡಿನಿಂದಲೇ ಮುಂದುವರಿಯಬಹುದು. ನಾಲ್ಕನೇ ತರಗತಿಗೆ ಬಂದೊಡನೆ ಎಲ್ಲರೂ ಒಟ್ಟಿಗೆ ಪುಟ ಮಗುಚಬೇಕು. ನಿಮ್ಮ ಮಕ್ಕಳಿಗೆ ಛಲವಿಲ್ಲವೋ, ಮಗ್ಗಿಯೇ ಬಾರದೋ ಮೊದಲು ನೋಡಿಕೊಳ್ಳಿ. ಮಗ್ಗಿ ಬಾರದವರಿಗೆ ದೊಡ್ಡ ಭಾಗಾಕಾರ ಕೊಟ್ಟು ‘ಬಿಡಬೇಡ’ ಎನ್ನುವುದು ಶಿಕ್ಷೆ. ಹಿಂದಿನ ಬೆಂಚಿನವರಿಗೆ ಬೋರ್ಡು ಕಾಣಿಸುತ್ತಿದೆಯೇ ಎಂದೂ ಕೇಳಿ.

ಪ್ರೌಢಶಾಲಾ ಶಿಕ್ಷಕರು:
ಹೊಗಳಿಕೆಯ ಬಗ್ಗೆ ಒಂದು ಮಾತು. ಕ್ಲೌಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನ ಅಮೆರಿಕದ ಐದನೇ ತರಗತಿಯ ಮಕ್ಕಳದ್ದೇ. ಜಾಣರೆಂದು ಹೊಗಳಿಸಿಕೊಂಡವರು ಒಮ್ಮೆ ಸೋತ ಮೇಲೆ, ಶ್ರಮಕ್ಕಾಗಿ ಹೊಗಳಿಸಿಕೊಂಡವರಿಗಿಂತ ಬೇಗ ಕೈಚೆಲ್ಲಿದರು. ಹಾಗೆಂದು ಗೀಚಿದ್ದಕ್ಕೆಲ್ಲ ‘ಶಹಬ್ಬಾಸ್, ಪ್ರಯತ್ನಪಟ್ಟೆ’ ಎಂದರೆ ಮಕ್ಕಳು ನಂಬುವುದಿಲ್ಲ, ಅವರೇನು ದಡ್ಡರೇ? ‘ತಾಳೆ ನೋಡಿದ್ದರಿಂದ ತಪ್ಪು ನಿನಗೇ ಸಿಕ್ಕಿತು’ ಎಂದು ಮಾಡಿದ ಕೆಲಸವನ್ನು ಹೆಸರಿಸಿ ಹೇಳಿ. ಇನ್ನು, ಗಟ್ಟಿಯಾಗಿ ಓದುವಾಗ ತಡವರಿಸಿ ನಿಲ್ಲಿಸಿಬಿಡುವವರಿಗೆ ಏನು ಮಾಡಬೇಕೆಂದು ಭಾಷಾ ಶಿಕ್ಷಕರು ಹೇಳಲಿ. ನನ್ನ ತರಗತಿಯಲ್ಲಿ ಅಂಥವರಿದ್ದಾರೆ.