ಒಂದು ಶ್ರೀರಂಗಪಟ್ಟಣದಷ್ಟು ಹೊತ್ತು

ಬೆಳಗಿನ ಜಾವ ಮೂರೂವರೆಗೆ ಎದ್ದು, ಬಾಸ್ ಅನ್ನುವ ಸಿಹಿನೀರಿನ ಮೀನು ಹಿಡಿಯಲು ಟೆಕ್ಸಾಸಿನ ಲೇಕ್ ಫೋರ್ಕ್ ಕೆರೆಗೆ ಹೋದವರು ನಾವು ನಾಲ್ಕು ಜನ. ಮಧ್ಯಾಹ್ನ ಡಲ್ಲಾಸಿಗೆ ವಾಪಸ್ ಬಂದಾಗ ಐಸ್ ಪೆಟ್ಟಿಗೆಯಲ್ಲಿ ಇದ್ದದ್ದು ಕರಗಿದ ಐಸು, ಎರಡು ಬಾಟ್ಲಿ ಮಜ್ಜಿಗೆ, ಪುಳಿಯೋಗರೆ ಖಾಲಿಯಾದ ಡಬ್ಬಿ. ಸಂಜೆ ರಂಗಣ್ಣನ ಮನೆ ಹಿತ್ತಲಲ್ಲಿ ಪೋಸ್ಟ್‌ಮಾರ್ಟಮ್ಮಿಗೆ ಸೇರಿದೆವು.

ಅತ್ತಿಗೆ ಮೆಣಸಿನಕಾಯಿ ಬಜ್ಜಿ ತಂದಿಟ್ಟರು. "ಬಾಣಲೆ ಇನ್ನೂ ಒಲೆ ಮೇಲೇ ಇದೆ. ಮೀನೆಲ್ಲಿ?"

"ಕೆರೆಯಲ್ಲೇ ಉಂಟು ಅತ್ತಿಗೆ, ಎಲ್ಲ ಕ್ಷೇಮ," ಅಂದ ಮಂಜು. ಅವನು ಮಲ್ಪೆಯವನು. ಸಿಹಿನೀರಿನ ಮೀನನ್ನು ಮೀನು ಅಂತ ಒಪ್ಪುವುದೇ ಕಷ್ಟ ಅವನಿಗೆ.

"ತಪ್ಪು ನಂದಲ್ಲ, ದಾರದ್ದು," ಅಂದ ವೆಂಕಿ.

ವೆಂಕಿ ಬಸವನಗುಡಿಯವನು. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟಿಲ್ಲ. ಹಿಡಿದು ವಾಪಸ್ ಬಿಡುತ್ತೇನೆ, ಆದ್ದರಿಂದ ಪಾಪ ಇಲ್ಲ ಅನ್ನುವುದು ಅವನ ವಾದ. ಹಿಡಿದಿದ್ದರೆ ತಾನೆ ಬಿಡುವ ಮಾತು! ಆದರೆ ಬಾಸ್ ಹಿಡಿಯುವ ಸಾಮಾನು ಮಾತ್ರ ನಮ್ಮ ಮೂವರದ್ದೂ ಸೇರಿಸಿದರೂ ಅವನ ಅರ್ಧ ಆಗುವುದಿಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ಟಾಪ್‌ವಾಟರ್ ಅಂದರೆ ಗಾಳವನ್ನು ನೀರೊಳಗೆ ಇಳಿಬಿಟ್ಟು ಬೆಂಡು ಮುಳುಗುವುದನ್ನೇ ನೋಡುತ್ತ ಏರಿ ಮೇಲೆ ಕೂರುವ ಆಟವಲ್ಲ. ಕೊಕ್ಕೆ ಸಿಕ್ಕಿಸಿದ ಒಂದು ಬೊಂಬೆಯನ್ನು ನೀರಿನ ಮೇಲೇ ಕುಣಿಸಬೇಕು. ಕೆಳಗಿರುವ ಬಾಸ್ ಅದನ್ನು ಪೆಟ್ಟು ತಿಂದ ಮೀನೋ ಕಪ್ಪೆಯೋ ಅಂದುಕೊಂಡು ನುಗ್ಗಿ ಬರಬೇಕು. ಕಣ್ಣೆದುರೇ ನೀರು ಸಿಡಿಯುತ್ತದೆ. ಎದೆ ಝಲ್ ಅನ್ನುತ್ತದೆ. ಎಡವಟ್ಟು ಶುರುವಾಗುವುದೂ ಅಲ್ಲೇ.

"ಯಾವ ದಾರ ಹಾಕಿದ್ದೆ?" ಅಂತ ಕೇಳಿದೆ.

"ಫ್ಲೋರೋಕಾರ್ಬನ್. ಅಂಗಡೀಲಿ ಅದೇ ಎಲ್ಲಕ್ಕಿಂತ ಜಾಸ್ತಿ ರೇಟು. ನೀರಲ್ಲಿ ಕಾಣೋದೇ ಇಲ್ಲ."

"ಕಾಣಲ್ಲ, ಯಾಕಂದ್ರೆ ಮುಳುಗಿರುತ್ತೆ. ಬೊಂಬೆ ಮೂಗು ಹಿಡಿದು ಕೆಳಗೆ ಎಳೀತಿರುತ್ತೆ. ಅದು ಕುಣಿಯೋದು ಹೇಗೆ?"

ಮಂಜು ಬಜ್ಜಿ ಕೆಳಗಿಟ್ಟ. "ಎಂತ ಮಾರಾಯ ನೀನು! ಬಲೆಯ ಮೇಲಂಚಿಗೆ ಬೆಂಡು, ಕೆಳಗಂಚಿಗೆ ಸೀಸ ಅಂತ ನಮ್ಮಲ್ಲಿ ಚಡ್ಡಿ ಹಾಕದ ಮಕ್ಕಳಿಗೂ ಗೊತ್ತುಂಟು. ನೀನು ತೇಲುವ ಬೊಂಬೆಗೆ ಸೀಸದ ಕೆಲಸದ ದಾರ ಕಟ್ಟಿದ್ದಿ."

ಇದಕ್ಕೆ ಸಾದಾ ನೈಲಾನ್ ದಾರ ಸಾಕು. ಅದು ಅಷ್ಟು ಸುಲಭವಾಗಿ ಮುಳುಗುವುದಿಲ್ಲ, ಸ್ವಲ್ಪ ಹಿಗ್ಗುತ್ತದೆ ಕೂಡ. ಹೆಣೆದ ದಾರ ತೇಲುತ್ತದೆ, ಗಟ್ಟಿ. ಆದರೆ ಅದು ಮೆತ್ತಗೆ ಜೋತುಬಿದ್ದು ಬೊಂಬೆಯ ಮುಂದಿನ ಮೂರುಮುಳ್ಳಿನ ಕೊಕ್ಕೆಗೆ ಸುತ್ತಿಕೊಳ್ಳುತ್ತದೆ. ಅದಕ್ಕೇ ತುದಿಗೆ ಒಂದೆರಡು ಅಡಿ ನೈಲಾನ್ ಗಂಟು ಹಾಕುತ್ತಾರೆ. ಇದನ್ನೆಲ್ಲ ದೋಣಿಯಲ್ಲೇ ಹೇಳಬಹುದಿತ್ತು. ಆಗ ನಾನು ಗೂಡು ಬಿಡಿಸುತ್ತಿದ್ದೆ.

ಗೂಡು ಅಂದರೆ ಗೀಜಗನ ಗೂಡೇ. ಬೇಟ್‌ಕಾಸ್ಟರ್ ರೀಲಿನಲ್ಲಿ ಬೊಂಬೆ ಎಸೆದಾಗ ದಾರದ ಉರುಳೆ ಗಿರ್ರನೆ ತಿರುಗುತ್ತದೆ. ಗಾಳಿಗೆ ಬೊಂಬೆ ನಿಧಾನವಾದರೂ ಉರುಳೆಗೆ ಆ ಸುದ್ದಿ ತಲುಪಿರುವುದಿಲ್ಲ. ಹೆಬ್ಬೆರಳಿಟ್ಟು ತಡೆಯಬೇಕು, ಇಲ್ಲದಿದ್ದರೆ ದಾರ ಸಿಕ್ಕುಸಿಕ್ಕಾಗಿ ಗೂಡು ಕಟ್ಟುತ್ತದೆ. ನಾನು ಆ ಹೆಬ್ಬೆರಳಿನಲ್ಲಿ ಮೂಗು ತುರಿಸಿಕೊಳ್ಳುತ್ತಿದ್ದೆ. ಇಪ್ಪತ್ತು ನಿಮಿಷ ಕೂತು ಬಿಡಿಸಿದೆ. ಜೂನ್ ತಿಂಗಳ ಟೆಕ್ಸಾಸಿನಲ್ಲಿ ಈ ಆಟಕ್ಕೆ ಚಿನ್ನದಂಥ ಹೊತ್ತು ಅಂದರೆ ನಸುಕು. ಮೋಡ ಇದ್ದರೆ ಇನ್ನೊಂದಿಷ್ಟು ಹೊತ್ತು ಸಿಗುತ್ತದೆ. ನಾನು ಕೊನೆಯ ಗಂಟು ಬಿಡಿಸಿ ತಲೆ ಎತ್ತಿದಾಗ ಸೂರ್ಯ ಒಂದಾಳೆತ್ತರ ಬಂದಿದ್ದ. ಮೋಡದ ಸುಳಿವಿಲ್ಲ.

"ಬಣ್ಣದ ತಪ್ಪೂ ಇರಬಹುದು," ಅಂತ ವೆಂಕಿ ಪೆಟ್ಟಿಗೆ ತೆರೆದ. ಒಂದೇ ನಮೂನೆಯ ಜಾರಾ ಸ್ಪೂಕ್ ಹನ್ನೊಂದು ಬಣ್ಣದಲ್ಲಿ! ಚುಟ್ಟಾದ ಆಕಾರದ ಬೊಂಬೆ. ಬೆನ್ನ ಮೇಲೆ ಚುಕ್ಕಿ, ಗೆರೆ, ಮೀನಿನ ಹುರುಪೆ, ಎಲ್ಲ ಬರೆದಿದ್ದಾರೆ.

"ಬಾಸ್ ಎಲ್ಲಿಂದ ನೋಡುತ್ತೆ?" ಅಂದೆ.

"ಕೆಳಗಿಂದ."

"ಬೆನ್ನಿನ ಚಿತ್ತಾರ ಯಾರಿಗೆ?"

"ವೆಂಕಿಗೆ," ಅಂದ ಮಂಜು.

ಬೆಳಕಿದ್ದಾಗ ಬಿಳಿ ಹೊಟ್ಟೆ, ಕತ್ತಲಲ್ಲಿ ಕಪ್ಪು. ನನ್ನ ಮಟ್ಟಿಗೆ ಎರಡೇ ಬಣ್ಣ. ಕಪ್ಪು ಯಾಕೆ ಅಂದರೆ ಮಬ್ಬು ಆಕಾಶದ ಎದುರಿಗೆ ಅದರ ನೆರಳು ದಟ್ಟವಾಗಿ ಕಾಣುತ್ತದೆ.

ಈ ಸಾಮಾನಿನ ಹುಚ್ಚು ಶುರುವಾದದ್ದಕ್ಕೂ ಒಂದು ಕಥೆ ಹೇಳುತ್ತಾರೆ. 19ನೇ ಶತಮಾನದ ಕೊನೆಯಲ್ಲಿ ಮಿಷಿಗನ್‌ನ ಡವಾಜಿಯಾಕ್ ಊರಿನಲ್ಲಿ ಜೇಮ್ಸ್ ಹೆಡನ್ ಅನ್ನುವವನು ಗಿರಣಿ ಕೊಳದ ಹತ್ತಿರ ಕೂತು ಸುಮ್ನೆ ಮರದ ತುಂಡೊಂದನ್ನು ಕೆತ್ತುತ್ತಿದ್ದನಂತೆ. ಸಾಕಾಗಿ ನೀರಿಗೆ ಎಸೆದ. ಬಾಸ್ ಬಂದು ಅದನ್ನು ಬಡಿಯಿತು. ಆಮೇಲೆ ಅವನು ಬೊಂಬೆ ಮಾಡಿ ಮಾರುವ ಕಂಪನಿಯನ್ನೇ ಕಟ್ಟಿದ. ಜಾರಾ ಸ್ಪೂಕ್ ಅದೇ ಕಂಪನಿಯದು.

"ನೋಡು, ಅವನಿಗೆ ಒಂದು ಕಡ್ಡಿ ಸಾಕಾಯ್ತು," ಅಂದ ಮಂಜು.

"ಅದೇ ಕಡ್ಡಿಯಿಂದ ಕಂಪನಿ ಕಟ್ಟಲಿಲ್ವಾ?"

"ಕಟ್ಟಿದ ಮಾರಾಯ. ಹನ್ನೊಂದು ಬಣ್ಣ ಕೊಳ್ಳುವವರು ಇದ್ದರಲ್ಲ."

ಆ ಬೊಂಬೆಯನ್ನು ಆಡಿಸುವುದಕ್ಕೆ ಇಲ್ಲಿಯವರು ನಾಯಿ ನಡೆಸುವುದು ಅನ್ನುತ್ತಾರೆ. ಕೋಲಿನ ತುದಿ ನೀರಿನ ಕಡೆ ಬಗ್ಗಿರಬೇಕು. ಥರ್ಮಾಮೀಟರ್ ಕೊಡವಿದ ಹಾಗೆ ಮಣಿಕಟ್ಟಿನಲ್ಲಿ ಒಂದು ಸಣ್ಣ ಝಾಡನೆ. ತಕ್ಷಣ ದಾರ ಸಡಿಲ ಬಿಡಬೇಕು. ಬೊಂಬೆ ಮೂಗು ಎಡಕ್ಕೆ ತಿರುಗುತ್ತದೆ. ಸಡಿಲ ಇದ್ದಾಗಲೇ ಇನ್ನೊಂದು ಝಾಡನೆ. ಬಲಕ್ಕೆ. ಮೆತ್ತನೆ ತುದಿಯ ಕೋಲಿದ್ದರೆ ಚೆನ್ನ. ಜನ ಕೆಡುವುದು ಆ ಸಡಿಲ ಬಿಡುವ ಜಾಗದಲ್ಲಿ. ಎಳೆಯುವುದು ಎಲ್ಲರಿಗೂ ಬರುತ್ತದೆ. ವೆಂಕಿ ಬೆಳಗ್ಗೆ ಎಳೆದ ನಾಯಿ ಎಡಬಲ ನೋಡದೆ ಸೀದಾ ದೋಣಿಗೆ ಬಂದು ಮುಟ್ಟಿತ್ತು.

ಇಷ್ಟೊತ್ತೂ ರಂಗಣ್ಣ ಬಾಯಿ ಬಿಟ್ಟಿರಲಿಲ್ಲ. ಕಾರಣ ಇತ್ತು. ಬೆಳಗ್ಗೆ ಬಾಸ್ ಬಂದದ್ದು ಅವರೊಬ್ಬರಿಗೇ. ಮೂರು ಸಲ.

ರಂಗಣ್ಣನದು ಪ್ಲಾಸ್ಟಿಕ್ ಕಪ್ಪೆ. ಮಂಡ್ಯ ಕಡೆಯವರು, ಹುಡುಗರಾಗಿದ್ದಾಗ ಕಪ್ಪೆ ಕಟ್ಟಿ ಕೊರವ ಮೀನು ಹಿಡಿದವರು. ಲೇಕ್ ಫೋರ್ಕ್ ತುಂಬ ಮುಳುಗಿ ಸತ್ತ ಮರಗಳು ನಿಂತಿವೆ. ಅಲ್ಲಿಗೂ ಕಳೆಯೊಳಕ್ಕೂ ಧೈರ್ಯವಾಗಿ ಎಸೆಯಬಹುದಾದದ್ದು ಈ ಕಪ್ಪೆಯೇ. ಒಳಗೆ ಟೊಳ್ಳು, ಎರಡು ಕೊಕ್ಕೆ ಬೆನ್ನಿಗೆ ಅಂಟಿಕೊಂಡಿರುತ್ತವೆ. ಮೀನು ಬಾಯಿ ಮುಚ್ಚಿ ಅಮುಕಿದಾಗ ಮಾತ್ರ ಹೊರಗೆ ಬರುತ್ತವೆ. ಇದಕ್ಕೆ ಬಿರುಸು ಕೋಲು, 50 ಪೌಂಡಿನ ಹೆಣೆದ ದಾರ ಬೇಕು. ಅದೆಲ್ಲ ಅವರ ಹತ್ತಿರ ಸರಿಯಾಗೇ ಇತ್ತು. ನೀರು ಮೊದಲ ಸಲ ಸಿಡಿದಾಗ ರಂಗಣ್ಣ ಬಾವಿಯಿಂದ ಕೊಡ ಸೇದುವ ಹಾಗೆ ಸೆಳೆದರು. ಕಪ್ಪೆ ಒಂದೇ ಬಂತು. ಎರಡನೇ ಸಲವೂ ಒಂದೇ ಬಂತು. ಮೂರನೇ ಸಲ ಬಂದು ನನ್ನ ಟೋಪಿ ತೆಗೆದುಕೊಂಡು ಹೋಯಿತು. ಮೂರು ಸಲವೂ ರಂಗಣ್ಣ ಹೇಳಿದ್ದು ಒಂದೇ ಮಾತು: "ಮೀನು ಚಿಕ್ಕದು ಕಣಯ್ಯ."

"ಚಿಕ್ಕದಾದ್ರೂ ತರಬಾರದಿತ್ತಾ?" ಅಂದರು ಅತ್ತಿಗೆ.

"ಚಿಕ್ಕದೇ ತರಬೇಕು ಅತ್ತಿಗೆ," ಅಂದ ವೆಂಕಿ. "ಆ ಕೆರೇಲಿ 16ರಿಂದ 24 ಇಂಚಿನ ಬಾಸ್ ಸಿಕ್ಕಿದ್ರೆ ವಾಪಸ್ ಬಿಡಬೇಕು. 24 ಮುಟ್ಟಿದ್ದು ದಿನಕ್ಕೆ ಒಂದು ಇಟ್ಕೋಬಹುದು, ಅಷ್ಟೆ."

"ಅಂದ್ರೆ ನನ್ನ ಬಾಣಲೆಗೆ ಹೊಂದೋದನ್ನೇ ಬಿಡಬೇಕಾ?"

"ಹಾಗೆ ಬಿಟ್ಟರೇನೇ ದೊಡ್ಡವಾಗೋದು. ಟೆಕ್ಸಾಸಿನ ದಾಖಲೆ ಬಾಸ್ ಅಲ್ಲಿಯದೇ. 1992ರ ಜನವರಿ, 18.18 ಪೌಂಡ್. ಎಂಟು ಕೆಜಿ ಮೇಲಾಯ್ತು!" ವೆಂಕಿಗೆ ಅಂಕಿ ಸಿಕ್ಕರೆ ನಿಲ್ಲುವುದಿಲ್ಲ. "ಪ್ರಪಂಚದ ದಾಖಲೆ 22 ಪೌಂಡ್ 4 ಔನ್ಸ್. 1932ರಲ್ಲಿ ಜಾರ್ಜಿಯಾದಲ್ಲಿ ಹಿಡಿದದ್ದು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಒಬ್ಬ ಅದಕ್ಕಿಂತ ಸ್ವಲ್ಪ ಜಾಸ್ತಿ ತೂಕದ್ದು ಹಿಡಿದ. ಆದ್ರೂ ಸಮ ಅಂತ ಬರ್ಕೊಂಡ್ರು. ದಾಖಲೆ ಮುರೀಬೇಕಾದ್ರೆ 2 ಔನ್ಸ್ ಹೆಚ್ಚಿರಬೇಕಂತೆ."

"ಪಾಪ. ಒಂದು ಬಜ್ಜಿ ತಿನ್ನಿಸಿ ತೂಗಬೇಕಿತ್ತು," ಅಂದರು ಅತ್ತಿಗೆ, ಒಳಗೆ ಹೋಗುತ್ತ.

ನಾನು ರಂಗಣ್ಣನ ಕಡೆ ತಿರುಗಿದೆ. "ಕೊರವಕ್ಕೆ ಹೀಗೇ ಸೆಳೀತಿದ್ರಾ?"

"ಛೆ, ಇಲ್ಲ. ಅದು ಕಚ್ಚಿಕೊಂಡು ತಿರುಗೋವರೆಗೂ ಬಿಡ್ತಿದ್ವಿ."

"ಮತ್ತೆ ಇಲ್ಲಿ?"

"ಇಲ್ಲಿ ಸದ್ದು ಜೋರು ಕಣಯ್ಯ, ಕೈ ತಡೆಯಲ್ಲ."

ನನ್ನ ಪ್ರಕಾರ ಇಡೀ ಟಾಪ್‌ವಾಟರ್ ವಿದ್ಯೆ ಇರುವುದು ಇಷ್ಟರಲ್ಲೇ. ಬಾಸ್ ಕಚ್ಚಿ ಹರಿಯುವುದಿಲ್ಲ. ಬಾಯಿ ದೊಡ್ಡದಾಗಿ ತೆಗೆದು ನೀರಿನ ಸಮೇತ ಸರ್ರನೆ ಒಳಗೆ ಎಳೆದುಕೊಳ್ಳುತ್ತದೆ. ನಮಗೆ ಕಾಣುವುದು ಸಿಡಿದ ನೀರು. ಬೊಂಬೆ ಅದರ ಬಾಯಲ್ಲಿದೆಯೋ ಪಕ್ಕದಲ್ಲಿದೆಯೋ ಆಗ ಗೊತ್ತಾಗುವುದಿಲ್ಲ. ಕೈಗೆ ಭಾರ ತಾಗುವ ತನಕ ಸುಮ್ಮನಿರಬೇಕು. ಮೂರುಮುಳ್ಳಿನ ಕೊಕ್ಕೆಯ ಬೊಂಬೆಯಾದರೆ ಆಡಿಸುತ್ತಲೇ ಇದ್ದು, ಭಾರ ಬಿದ್ದಾಗ ಕೋಲನ್ನು ಪಕ್ಕಕ್ಕೆ ಸರಿಸಿದರೆ ಸಾಕು. ಕಪ್ಪೆಯಾದರೆ ಒಂದು ಗಳಿಗೆ ತಡೆದು, ಆಮೇಲೆ ಬಲವಾಗಿ ಎಳೆಯಬೇಕು. ಆ ಗಳಿಗೆ ಅಳೆಯಲು ಅಮೆರಿಕದವರು ಒಂದು ಮಿಸಿಸಿಪ್ಪಿ ಅಂತ ಎಣಿಸುತ್ತಾರೆ.

"ನಾವ್ಯಾಕೆ ಮಿಸಿಸಿಪ್ಪಿ ಅನ್ನಬೇಕು?" ರಂಗಣ್ಣ ಎದ್ದು ಕೂತರು. "ಮದ್ದೂರು ಅಂತೀನಿ."

"ತೀರಾ ಚಿಕ್ಕದಾಯ್ತು."

"ಉಡುಪಿ ಅನ್ನಿ," ಅಂದ ಮಂಜು.

"ಉಡುಪಿ ಅನ್ನುವಷ್ಟರಲ್ಲಿ ಬಾಯೊಳಗೆ ಇಡ್ಲಿ ಚೂರೂ ಹೋಗಲ್ಲ."

"ಚಿಕ್ಕನಾಯಕನಹಳ್ಳಿ?" ಅಂದ ವೆಂಕಿ.

"ಅಷ್ಟೊತ್ತಿಗೆ ಬಾಸ್ ಕಪ್ಪೆ ಉಗುಳಿ ಬಾಯಿ ಮುಕ್ಕಳಿಸಿರುತ್ತೆ."

ಕೊನೆಗೆ ಶ್ರೀರಂಗಪಟ್ಟಣ ಅಂತ ಒಮ್ಮತಕ್ಕೆ ಬಂದೆವು. ನಾಲ್ಕು ಜನರೂ ಗಡಿಯಾರ ನೋಡಿಕೊಂಡು ಹೇಳಿ ನೋಡಿದೆವು. ಆತುರವಿಲ್ಲದೆ ಅಂದರೆ ಹತ್ತಿರ ಹತ್ತಿರ ಒಂದು ಸೆಕೆಂಡು.

ಪರೀಕ್ಷೆ ಅಲ್ಲೇ ಆಯಿತು. ರಂಗಣ್ಣನ ಏಳು ವರ್ಷದ ಮಗಳು ಚಿನ್ನಿ ಹಿತ್ತಲ ಈಜುಕೊಳದಲ್ಲಿದ್ದಳು. "ನಾನು ಬಾಸ್ ಆಗ್ತೀನಿ," ಅಂತ ಅವಳೇ ಮುಂದೆ ಬಂದಳು. ವೆಂಕಿ ಸ್ಪೂಕಿನ ಕೊಕ್ಕೆಗಳನ್ನೆಲ್ಲ ಇಕ್ಕಳದಲ್ಲಿ ಕಳಚಿ, ಎರಡೆರಡು ಸಲ ತಡವಿ ನೋಡಿ, ಸಾದಾ ನೈಲಾನ್ ದಾರ ಕಟ್ಟಿಕೊಟ್ಟ. ಕೋಲು ರಂಗಣ್ಣನ ಕೈಗೆ ಹೋಯಿತು. ಬಣ್ಣ ಯಾವುದು ಅಂತ ಚರ್ಚೆ ಆಗಲಿಲ್ಲ.

ಬೊಂಬೆ ಕೊಳದ ಆ ಕಡೆ ಬಿತ್ತು. ಅಲೆ ಅಡಗುವ ತನಕ ರಂಗಣ್ಣ ಕಾದರು. ಆಮೇಲೆ ಒಂದು ಝಾಡನೆ, ಸಡಿಲ. ಇನ್ನೊಂದು ಝಾಡನೆ, ಸಡಿಲ. ನಾಯಿ ನಡೆಯಿತು! ಎಡಕ್ಕೆ, ಬಲಕ್ಕೆ, ಎಡಕ್ಕೆ. ವೆಂಕಿಯ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಚಿನ್ನಿ ಮೂಗು ಹಿಡಿದುಕೊಂಡು ಮುಳುಗಿದಳು. ನಾವು ಮೂವರೂ ಉಸಿರು ಬಿಗಿಹಿಡಿದು ನಿಂತೆವು.

ಢಬಾರ್ ಅಂತ ನೀರು ಸಿಡಿಯಿತು.

"ಒಂದು ಶ್ರೀ..." ಅನ್ನುವಷ್ಟರಲ್ಲಿ ಬೊಂಬೆ ನಮ್ಮ ತಲೆ ಮೇಲಿಂದ ಹಾರಿ ಚಟ್ನಿ ಬಟ್ಟಲಿಗೆ ಬಿತ್ತು.

"ಅಪ್ಪಾ! ನಾನಿನ್ನೂ ಹಿಡಿದೇ ಇರ್ಲಿಲ್ಲ!"

ರಂಗಣ್ಣ ಸ್ಪೂಕಿನ ಬೆನ್ನಿಂದ ಚಟ್ನಿ ಒರೆಸಿದರು. ನಮ್ಮನ್ನು ನೋಡಿದರು. ಕೊಳದ ಕಡೆ ನೋಡಿದರು.

"ಮೀನು ಚಿಕ್ಕದು ಕಣಯ್ಯ," ಅಂದರು.