ಪದಚರ್ಚೆ: ಪ್ರೋವಾ ದೋಣಿಯ 'ಅಮ', 'ಶಂಟಿಂಗ್'ಗೆ ಕನ್ನಡದಲ್ಲಿ ಏನು? (ಅರ್ಜೆಂಟು)

ಎಲ್ರಿಗೂ ನಮಸ್ಕಾರ. ಸಣ್ಣ ಪ್ರೋವಾ ಕಟ್ಟಿ ಹಾಯಿ ಏರಿಸೋ ಬಗ್ಗೆ ಒಂದು ಕೈಪಿಡಿ ಕನ್ನಡಕ್ಕೆ ಮಾಡ್ತಿದೀನಿ, ಸೋಮವಾರ ಪ್ರಿಂಟಿಗೆ ಕೊಡ್ಬೇಕು. ಪೆಸಿಫಿಕ್ ಸಾಗರದ ಮೈಕ್ರೊನೇಷ್ಯಾ ದ್ವೀಪಗಳ ದೋಣಿ ಇದು, ಒಂದು ದೊಡ್ಡ ಒಡಲು, ಪಕ್ಕಕ್ಕೆ ಚಾಚಿದ ಅಡ್ಡತೊಲೆಗಳ ತುದೀಲಿ ಒಂದು ತೇಲುಮರ. ದೋಣಿ ಕಟ್ಟೋರು ಪಾಲಿನೇಷ್ಯಾದ ಹೆಸರುಗಳನ್ನೇ ಬಳಸ್ತಾರೆ: ಒಡಲು ವಾಕ, ಅಡ್ಡತೊಲೆ ಅಕ, ತೇಲುಮರ ಅಮ. ಹಾಗೇ ಬಿಡೋಣ ಅಂದ್ಕೊಂಡ್ರೆ ಮೊದಲ ಪ್ರೂಫಲ್ಲೇ "ಅಮ್ಮ ಯಾವಾಗಲೂ ಗಾಳಿ ಬರುವ ಕಡೆಗೇ ಇರಬೇಕು, ಅಕ್ಕನನ್ನು ಹಗ್ಗದಿಂದ ಬಿಗಿಯಾಗಿ ಕಟ್ಟಬೇಕು" ಅಂತ ಬಂದಿದೆ. ತಿದ್ದಿದವರನ್ನ ಬೈಯೋಕೂ ಆಗಲ್ಲ.

ಇನ್ನೊಂದು ಶಂಟಿಂಗ್, ಅಂದ್ರೆ ಪ್ರೋವಾ ದಿಕ್ಕು ಬದಲಿಸೋ ರೀತಿ. ಅಮ ಗಾಳಿ ಬದಿಗೇ ಇರಬೇಕಾದ್ರಿಂದ ಬೇರೆ ಹಾಯಿದೋಣಿ ಥರ ಮೂತಿ ತಿರುಗಿಸೋ ಹಾಗಿಲ್ಲ. ಹಾಯಿಯ ಕೆಳಮೂಲೆ ಬಿಡಿಸಿ ಹೊತ್ಕೊಂಡು ಹೋಗಿ ಆಚೆ ತುದಿಗೆ ಸಿಕ್ಕಿಸ್ತಾರೆ, ಹಾಯಿ ಹೊರೋ ಕೂವೆಮರಾನೂ ಆ ಕಡೆ ವಾಲಿಸ್ತಾರೆ, ಚುಕ್ಕಾಣಿ ಹುಟ್ಟು ಈ ತುದಿಗೆ ಬರತ್ತೆ, ಅಲ್ಲಿಗೆ ಹಿಂದಿದ್ದದ್ದು ಮುಂದಾಯ್ತು. ಚಿತ್ರದ ಪಕ್ಕ ಜಾಗ ಕಮ್ಮಿ, ಒಂದೇ ಪದ ಬೇಕು.

> ಪ್ರೋವಾ ಅನ್ನೋದೇ ತಪ್ಪು. ಅದು ಮಲಯದ ಪೆರಾಹು, ಪೆರಾಹು ಅಂದ್ರೆ ನಮ್ಮ ಪಡಗು, ತಮಿಳಿನ ಪಡವು. ಪಡಗು ಹಡಗಾಗಿದ್ದು ನಿಮಗೆ ಹೇಳ್ಬೇಕಿಲ್ಲ. ನಮ್ಮ ಪದಾನೇ ಯುರೋಪಿನವರ ಬಾಯಿಂದ ಎಂಜಲು ಮಾಡಿಸ್ಕೊಂಡು ವಾಪಸ್ ಇಸ್ಕೊಳ್ಳೋ ಕರ್ಮ ಯಾಕೆ? ಅಮ = ಗಾಳಿದೇಲು. ಶಂಟಿಂಗ್ = ತುದಿಮಾರು. ಮುಗೀತು.

> ಮುಗೀಲಿಲ್ಲ ಮೇಷ್ಟ್ರೇ. ಆ ಪದ ಫಿಲಿಪ್ಪೀನ್ಸ್ ಕಡೆವರೆಗೂ ಹಬ್ಬಿದೆ, ಅದು ಆಸ್ಟ್ರೊನೇಷ್ಯನ್ನರದ್ದೇ ಅನ್ನೋ ವಾದ ಬಲವಾಗೇ ಇದೆ. 1742ರಲ್ಲಿ ಮೈಕ್ರೊನೇಷ್ಯಾದ ಟಿನಿಯನ್ ದ್ವೀಪದಲ್ಲಿ ಬ್ರಿಟಿಷ್ ನೌಕಾಪಡೆಯ ಆನ್ಸನ್ ಕಡೆಯವರು ಒಂದನ್ನ ಬಿಚ್ಚಿ ಚಿತ್ರ ಬರ್ಕೊಂಡು ಹೋದಾಗಿಂದ ಜಗತ್ತಿಗೆ ಅದು ಪ್ರೋವಾನೇ. ಇನ್ನು ನಿಮ್ಮ ಗಾಳಿದೇಲು: 1968ರ ಅಟ್ಲಾಂಟಿಕ್ ಒಂಟಿ ರೇಸಲ್ಲಿ ಮೂರನೇದಾಗಿ ಬಂದ ಚಿಯರ್ಸ್ ಅನ್ನೋ ಪ್ರೋವಾದಲ್ಲಿ ತೇಲೋ ಒಡಲು ಇದ್ದದ್ದು ಗಾಳಿಮರೆ ಬದಿಗೆ, ಅಂದ್ರೆ ಗಾಳಿ ಬರೋ ಕಡೆಯ ಆಚೆ ಬದಿಗೆ. ಅದಕ್ಕೇನಂತೀರಿ, ಮರೆದೇಲಾ?

> ಮಾರಾಯ್ರೆ, ಇಷ್ಟು ದೂರ ಯಾಕೆ ಹೋಗ್ಬೇಕು. ಕಾರವಾರದಿಂದ ಆಚೆ ಗೋವಾ ಕಡೆ ಹೋಡಿಗೆ (ಸಣ್ಣ ದೋಣಿಗೆ) ಪಕ್ಕದಲ್ಲಿ ಇಂಥದ್ದೇ ಮರ ಕಟ್ತಾರೆ, ಉಲಾಂಡಿ ಅಂತ ಅದಕ್ಕೆ ಹೆಸರು. ಯಾವ ಬದಿಗಿದ್ರೂ ಉಲಾಂಡಿನೇ.

> ಉಲಾಂಡಿ ಕನ್ನಡ ಅಲ್ಲ.

> ಲಂಗರು, ಬಂದರು ಪಾರ್ಸಿಯಿಂದ, ಚುಕ್ಕಾಣಿ ಅರಬ್ಬಿಯಿಂದ. ಮೊದಲು ಅವನ್ನೆಲ್ಲ ನೀರಿಗೆಸೆದು ಆಮೇಲೆ ದೋಣಿ ಹತ್ತಿ ಸಾರ್. ಕಡಲ ಮೇಲೆ ಯಾವ ಭಾಷೇಲೂ ಮಡಿ ಉಳಿದಿಲ್ಲ.

> ಮಡಿ ವಿಷಯ ಬಿಡಿ, ಶಂಟಿಂಗ್ ಅನ್ನೋದು ರೈಲ್ವೆಯಿಂದಾಗಿ ನಮ್ಮಜ್ಜನ ಬಾಯಲ್ಲೇ ಇತ್ತು, ಎಂಜಿನ್ ಬಿಚ್ಕೊಂಡು ಬಂದು ಇನ್ನೊಂದು ತುದಿಗೆ ಹಾಕೋದಕ್ಕೆ. ಅಲ್ಲೂ ಬೋಗಿ ತಿರುಗಲ್ಲ.

> ನಮ್ಮದು ನೇಕಾರರ ಮನೆ. ಚಿತ್ರ ನೋಡಿದ ಕೂಡ್ಲೇ ನಂಗೆ ಕಂಡಿದ್ದು ಮಗ್ಗದ ಲಾಳಿ. ಎರಡೂ ತುದಿ ಚೂಪು, ಮೂತಿ ತಿರುಗಿಸದೇ ಬಂದ ದಾರೀಲೇ ವಾಪಸ್ ಓಡತ್ತೆ. 'ಲಾಳಿಮಗುಚು' ಆಗಲ್ವಾ?

> 'ಮಗುಚು' ಅನ್ನೋದನ್ನ ದೋಣಿ ಕೈಪಿಡೀಲಿ ಹಾಕ್ಬೇಡಿ ದಯವಿಟ್ಟು!!

ಎಲ್ರಿಗೂ ಥ್ಯಾಂಕ್ಸ್. ಉಲಾಂಡಿ ಹಾಕಿದೀನಿ, ಶಂಟಿಂಗ್ ಹಾಗೇ ಉಳೀತು. ಲಾಳಿ ತುಂಬಾ ಇಷ್ಟ ಆಯ್ತು ಅಕ್ಕ, ಆದ್ರೆ ಪ್ರೋವಾದ ಒಡಲು ಗಾಳಿಮರೆ ಬದಿ ಚಪ್ಪಟೆ, ಉಲಾಂಡಿ ಬದಿ ಉಬ್ಬು, ಲಾಳಿ ಅಂದ್ರೆ ಹುಡುಗ್ರು ಎರಡೂ ಬದಿ ಒಂದೇ ಥರ ಕೊರೆದುಬಿಟ್ಟಾರು, ಹಾಗಾಗಿ "ಲಾಳಿಯಂತೆ ಹಿಂದೆ ಮುಂದೆ" ಅಂತ ವಿವರಣೇಲಿ ಸೇರಿಸಿದೀನಿ. ಮೇಷ್ಟ್ರೇ, ನಿಮ್ಮ ಪಡಗು ಅಡಿಟಿಪ್ಪಣೀಲಿದೆ.

> ಅಡಿಟಿಪ್ಪಣಿಯಿಂದಲೂ ತೆಗೀರಿ.